ಆರ್ಕಿಟೆಕ್ಚರ್ ಗೊಂಬೆಗಳಿಂದ ಇಂಫಾಲದ ಹರಿಕೇನ್‌ಗೆ ಸಿಬ್ಬಂದಿ: ನನ್ನ ಅನುಭವ

1/72ರಲ್ಲಿ, ಅಂದರೆ ನಿಜದ 72ನೇ ಒಂದು ಪಾಲಿನ ಅಳತೆಯಲ್ಲಿ, ಎರಡನೇ ಮಹಾಯುದ್ಧದ ಹರಿಕೇನ್ ಫೈಟರ್ ವಿಮಾನದ ಮಾದರಿ ಕಿಟ್‌ಗಳು ಬೇಕಾದಷ್ಟು ಸಿಗುತ್ತವೆ. ಪಕ್ಕದಲ್ಲಿ ನಿಲ್ಲಿಸಲು ಜರ್ಮನ್ ಪೈಲಟ್ ಸಿಗುತ್ತಾನೆ, ಇಂಗ್ಲಿಷ್ ಪೈಲಟ್ ಸಿಗುತ್ತಾನೆ, ಅಮೆರಿಕದ ಮೆಕ್ಯಾನಿಕ್ ಕೂಡ ಸಿಗುತ್ತಾನೆ. 1944ರಲ್ಲಿ ಇಂಫಾಲದಿಂದ ಅದೇ ವಿಮಾನ ಹಾರಿಸಿದ ನಮ್ಮವರು ಮಾತ್ರ ನಾನು ಹುಡುಕಿದ ಕಡೆ ಎಲ್ಲೂ ಇರಲಿಲ್ಲ. ಅರ್ಜನ್ ಸಿಂಗ್ ಅವರ ನೇತೃತ್ವದ ನಮ್ಮ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಅಲ್ಲಿ ಹರಿಕೇನ್‌ಗಳಲ್ಲಿ ಹೋರಾಡಿತು, ಅವರಿಗೆ ಡಿಎಫ್‌ಸಿ (ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್) ಪದಕ ಬಂದದ್ದೂ ಅದೇ ವರ್ಷ. ಅಂಥ ವಿಮಾನವನ್ನು ಖಾಲಿ ನಿಲ್ಲಿಸಿಬಿಡಲು ನನಗೆ ಮನಸ್ಸಾಗಲಿಲ್ಲ.

ಕೊನೆಗೆ ಕೆಲಸ ಆಗಿದ್ದು ಕಟ್ಟಡದ ಮಾದರಿಗೆ ಇಡುವ ಅಗ್ಗದ ಗೊಂಬೆಗಳಿಂದ. ಶುರು ಮಾಡಿದಾಗ ಮಾದರಿ ವಿಮಾನ ಮಾಡುವ ನಮ್ಮ ಗುಂಪಿನ ಹಿರಿಯರೊಬ್ಬರು, 'ಅದು ಕಾಲೇಜು ಹುಡುಗರು ಪ್ರಾಜೆಕ್ಟಿಗೆ ಅಂಟಿಸೋ ಗೊಂಬೆ ಕಣಯ್ಯ, ವಿಮಾನದ ಪಕ್ಕ ಇಟ್ರೆ ವಿಮಾನಾನೂ ಆಟಿಕೆ ಥರ ಕಾಣುತ್ತೆ' ಅಂದಿದ್ದರು. ಈಗ ಅವರ ಡಕೋಟಾ ವಿಮಾನದ ಪಕ್ಕದಲ್ಲಿ ನಿಂತಿರುವ ನಾಲ್ಕು ಜನ ನಾನು ಮಾಡಿಕೊಟ್ಟವರೇ.

ಮೊದಲು ದುಡ್ಡಿನ ವಿಷಯ. ಯುರೋಪಿನಿಂದ ಮೂರು ಫಿಗರ್‌ನ ರೆಸಿನ್ ಸೆಟ್ ತರಿಸಿದೆ. ಸೆಟ್ಟಿಗೆ ಹನ್ನೆರಡೋ ಹದಿಮೂರೋ ಯೂರೋ, ಅಂಚೆಗೂ ಹೆಚ್ಚುಕಡಿಮೆ ಅಷ್ಟೇ, ಮೇಲೆ ಸುಂಕ. ಎಲ್ಲಾ ಸೇರಿ ಒಬ್ಬೊಬ್ಬನಿಗೆ 900 ರೂಪಾಯಿ ಹತ್ತಿರ ಬಿತ್ತು. ಕೆತ್ತನೆ ಬಹಳ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಇಂಗ್ಲೆಂಡಿನ ಚಳಿಗೆ ಬಟ್ಟೆ ಹಾಕಿಕೊಂಡವರು. ಉಣ್ಣೆ ಕಾಲರಿನ ಜಾಕೆಟ್, ತುಪ್ಪಳದ ಬೂಟು. ಬರ್ಮಾ ಗಡಿಯ ಸೆಕೆಯಲ್ಲಿ ಅವರನ್ನು ನಿಲ್ಲಿಸುವುದು ಹೇಗೆ? ಜಾಕೆಟ್ ಕೆರೆದು ಖಾಕಿ ಶರ್ಟು ಮಾಡಲು ಹೊರಟರೆ ಒಳಗೆ ಮೈಯೇ ಉಳಿಯಲಿಲ್ಲ.

ಹಳೆಯ ಮೆತ್ತನೆ ಪ್ಲಾಸ್ಟಿಕ್ ಸೆಟ್‌ಗಳ ಕಥೆ ನಿಮಗೆಲ್ಲ ಗೊತ್ತೇ ಇದೆ. ಬಣ್ಣ ನಿಲ್ಲುವುದಿಲ್ಲ. ತೆಳ್ಳಗೆ ಫೆವಿಕಾಲ್ ಬಳಿದು ಅದರ ಮೇಲೆ ಬಣ್ಣ ಹಚ್ಚಿದರೆ ಒಂದಿಷ್ಟು ನಿಲ್ಲುತ್ತದೆ ನಿಜ. ಆದರೆ ಬ್ಲೇಡ್ ತಾಗಿಸಿದ ಕಡೆಯೆಲ್ಲ ನೂಲು ನೂಲಾಗಿ ಏಳುತ್ತದೆ, ಉಜ್ಜಿದರೂ ಹೋಗುವುದಿಲ್ಲ. ಜರ್ಮನಿಯ ಪ್ರೈಸರ್ ಕಂಪನಿಯವರ 1/72 ಫಿಗರ್‌ಗಳು ಗಟ್ಟಿ ಪ್ಲಾಸ್ಟಿಕ್, ಈ ಅಳತೆಯಲ್ಲಿ ಅವಕ್ಕಿಂತ ಚೆಂದದವನ್ನು ನಾನು ನೋಡಿಲ್ಲ. ನನ್ನ ಕೈಗೆ ಸಿಕ್ಕಿದ್ದು ಜರ್ಮನ್ ವಾಯುಪಡೆಯ ಸೆಟ್. ಅಷ್ಟು ದುಡ್ಡಿನದನ್ನು ಕತ್ತರಿಸಲು ಕೈ ಬರಲಿಲ್ಲ.

ನಡುವೆ 3ಡಿ ಪ್ರಿಂಟಿಂಗ್ ಕಡೆಗೂ ಹೋಗಿ ಬಂದೆ. ಗೆಳೆಯನ ಹತ್ತಿರ ರೆಸಿನ್ ಪ್ರಿಂಟರ್ ಇತ್ತು. 1/32ರ ಪೈಲಟ್ ಫೈಲ್ ಅನ್ನು ಶೇಕಡಾ 44ಕ್ಕೆ ಇಳಿಸಿ ಹೊಡೆಸಿದೆವು. ಪರದೆಯ ಮೇಲೆ ಅದ್ಭುತ. ಕೈಗೆ ಬಂದಾಗ ಪಟ್ಟಿ, ಬಕಲ್ ಎಲ್ಲಾ ಮಾಯ, ಪ್ರಿಂಟ್ ಆಗುವಾಗ ಆಸರೆಗಿರುವ ಸಪೋರ್ಟ್ ಕಡ್ಡಿ ಕೀಳುವಾಗ ಕಾಲಿನ ಗಿಣ್ಣು ಪಟಪಟ ಮುರಿದವು. ದೊಡ್ಡದನ್ನು ಸುಮ್ನೆ ಚಿಕ್ಕದು ಮಾಡಿದರೆ ಆಗುವುದಿಲ್ಲ, ಪಟ್ಟಿಗಳನ್ನು ಬೇಕೆಂದೇ ದಪ್ಪ ಮಾಡಿ ಕೆತ್ತಬೇಕು. ಅಷ್ಟು ಕಂಪ್ಯೂಟರ್ ಕೆಲಸ ಮಾಡುವುದಕ್ಕಿಂತ ನನಗೆ ಬ್ರಶ್ಶೇ ವಾಸಿ. ಆ ಪ್ರಯೋಗಕ್ಕೆ ಗೆಳೆಯ ರೆಸಿನ್ ದುಡ್ಡು ಮಾತ್ರ ತೆಗೆದುಕೊಂಡ, ಸಾವಿರದ ಒಳಗೇ ಮುಗಿಯಿತು.

ಇನ್ನು ಗೊಂಬೆಗಳ ವಿಷಯ. ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಹೋಗುವ ಸ್ಟೇಷನರಿ ಅಂಗಡಿಯಲ್ಲಿ 1:75 ಅಂತ ಕೇಳಿ. ನೂರರ ಚೀಲ, ನಾನು ಕೊಟ್ಟದ್ದು 350ರ ಆಸುಪಾಸು. ಬಣ್ಣ ಹಚ್ಚಿದ್ದು ಬೇಡ, ಬಿಳಿಯದೇ ತನ್ನಿ. ಐದಡಿ ಎಂಟು ಇಂಚಿನ ಮನುಷ್ಯ 1/72ರಲ್ಲಿ 24 ಮಿ.ಮೀ., 1/75ರಲ್ಲಿ 23. ಒಂದು ಮಿಲಿಮೀಟರ್ ವ್ಯತ್ಯಾಸ, ನಮ್ಮಲ್ಲಿ ಅಷ್ಟು ಗಿಡ್ಡ ಇರುವವರು ಎಷ್ಟು ಜನ ಇಲ್ಲ? ರೈಲ್ವೆ ಮಾದರಿಯ 1/87 ಗೊಂಬೆ ತರಬೇಡಿ, ಅದು 20 ಮಿ.ಮೀ. ಬರುತ್ತದೆ, ಪಕ್ಕದಲ್ಲಿಟ್ಟರೆ ಮಗುವಿನ ಹಾಗೆ ಕಾಣುತ್ತದೆ. ಚೀಲದಲ್ಲೂ ಅಳತೆ ಒಂದೇ ಸಮ ಇರುವುದಿಲ್ಲ. ರಟ್ಟಿನ ಮೇಲೆ 24 ಮಿ.ಮೀ. ಗೆರೆ ಹಾಕಿಕೊಂಡು ಒಂದೊಂದೇ ನಿಲ್ಲಿಸಿ ನೋಡಿ. ಹೆಂಗಸರು, ಮಕ್ಕಳು, ಗಿಡ್ಡರನ್ನು ಬಿಟ್ಟರೆ ಮೂವತ್ತರಷ್ಟು ಕೆಲಸಕ್ಕೆ ಬರುತ್ತವೆ.

ಈ ಗೊಂಬೆಗಳ ದೊಡ್ಡ ಗುಣ ಅಂದರೆ ಅವು ಹಾಕಿರುವುದು ಸಾದಾ ಶರ್ಟು, ಪ್ಯಾಂಟು. ಇಂಫಾಲದ ಗ್ರೌಂಡ್ ಕ್ರೂಗೆ, ಅಂದರೆ ನೆಲದ ಮೇಲೆ ವಿಮಾನ ನೋಡಿಕೊಳ್ಳುವವರಿಗೆ, ಬೇಕಾದದ್ದೂ ಅದೇ ಅಲ್ವಾ? ಹಗಲು ಖಾಕಿ ಚಡ್ಡಿ, ಅರ್ಧ ತೋಳು. ಸಂಜೆಯಾದರೆ ಸೊಳ್ಳೆ, ಮಲೇರಿಯಾ, ಹಾಗಾಗಿ ಉದ್ದ ಪ್ಯಾಂಟು, ಪೂರ್ತಿ ತೋಳು. ಚಡ್ಡಿ ಮಾಡಲು ಮಂಡಿಯ ಮೇಲೆ ಸುತ್ತಲೂ ಬ್ಲೇಡಿನಿಂದ ಗೆರೆ ಕೊಯ್ದು, ಅದರ ಕೆಳಗಿನ ಕಾಲನ್ನಷ್ಟೇ ಕೆರೆದು ಸಣ್ಣ ಮಾಡಿ. ಚಡ್ಡಿಯ ಅಂಚು ತಾನೇ ಎದ್ದು ಕಾಣುತ್ತದೆ. ಬ್ರೀಫ್‌ಕೇಸ್ ಹಿಡಿದ ಆಫೀಸಿನವರು ಚೀಲದಲ್ಲಿ ಬಹಳ ಜನ ಇರುತ್ತಾರೆ. ಅವರನ್ನು ಎಸೆಯಬೇಡಿ, ಬ್ರೀಫ್‌ಕೇಸ್‌ನ ಮೂಲೆ ಚಪ್ಪಟೆ ಮಾಡಿದರೆ ಟೂಲ್ ಬಾಕ್ಸ್.

ತೊಂದರೆ ಇರುವುದು ನಿಲುವಿನಲ್ಲಿ. ಎಲ್ಲರೂ ಕಂಬದ ಹಾಗೆ ನೆಟ್ಟಗೆ ನಿಂತಿರುತ್ತಾರೆ. ಸೊಂಟದಲ್ಲಿ ಒಂದು ಕಡೆ ಬೆಣೆಯಾಕಾರದ ಸಣ್ಣ ಚೂರು ತೆಗೆದು ಬಗ್ಗಿಸಿ ಅಂಟಿಸಿ. ಭಾರ ಯಾವ ಕಾಲಿನ ಮೇಲಿದೆಯೋ ಆ ಕಡೆಯ ಸೊಂಟ ಮೇಲೆ, ಅದೇ ಕಡೆಯ ಭುಜ ಕೆಳಗೆ. ಇಷ್ಟಾದರೆ ಸಾಕು, ಗೊಂಬೆ ಮನುಷ್ಯನಾಗುತ್ತದೆ. ಕೈ ತಿರುಗಿಸಲು ಹಳೇ ಚಾರ್ಜರ್ ವೈರಿನ ಒಂದು ತಾಮ್ರದ ಎಳೆಯನ್ನು ಒಳಗೆ ಸೇರಿಸಿ ಸೂಪರ್ ಗ್ಲೂ ಹಾಕುತ್ತೇನೆ. ಕಾಕ್‌ಪಿಟ್ಟಿನ ಪೈಲಟ್‌ಗೆ ಮಂಡಿಯಿಂದ ಕೆಳಗೆ ಬೇಕಾಗಿಲ್ಲ, ಕತ್ತರಿಸಿಬಿಡಿ. ಕೂರುವ ಭಾಗವನ್ನೂ ಉಜ್ಜಬೇಕು, ಇಲ್ಲದಿದ್ದರೆ ತಲೆ ಕ್ಯಾನೊಪಿಗೆ, ಅಂದರೆ ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳಕ್ಕೆ ತಾಗುತ್ತದೆ.

ಸಂದುಗಳಿಗೆ ಪುಟ್ಟಿ. ಪೈಪ್ ಸೋರಿಕೆಗೆ ಹಾಕುವ ಎಪಾಕ್ಸಿ ಅಗ್ಗ, ಆದರೆ ಈ ಅಳತೆಗೆ ಅದರ ಕಾಳು ದಪ್ಪ. ಬಟ್ಟೆಯ ಮಡಿಕೆಗೆ ಅದು ನಡೆಯಲೇ ಇಲ್ಲ, ವಿಮಾನ ನಿಲ್ಲಿಸುವ ಬೇಸಿನ ನೆಲಕ್ಕೆ ಇಟ್ಟುಕೊಂಡೆ.

ಪೇಟದ ಮೇಲೆ ನಾನು ಖರ್ಚು ಮಾಡಿದಷ್ಟು ಸಮಯ ವಿಮಾನದ ಮೇಲೂ ಮಾಡಿಲ್ಲ. 1940ರಲ್ಲಿ ಇಂಗ್ಲೆಂಡಿಗೆ ಹೋಗಿ ಹರಿಕೇನ್ ಹಾರಿಸಿದ ಸಿಖ್ ಪೈಲಟ್ ಮಹಿಂದರ್ ಸಿಂಗ್ ಪುಜಿ ಪೇಟ ತೆಗೆಯಲು ಒಪ್ಪದೆ, ಅದರ ಮೇಲೇ ಹೆಡ್‌ಫೋನ್ ಕಟ್ಟಿಕೊಂಡು ಹಾರುತ್ತಿದ್ದರು. ನನ್ನ ಪೈಲಟ್ ಕೂಡ ಹಾಗೇ ಕೂರಬೇಕು ಅಂತ ಹಟ ಹಿಡಿದೆ. ಪುಟ್ಟಿಯಲ್ಲಿ ಮಾಡಿದ ಪೇಟ ಎಷ್ಟು ತಿದ್ದಿದರೂ ಟೊಪ್ಪಿಯಾಗಿಯೇ ಉಳಿಯಿತು. ಆಮೇಲೆ ಹೊಳೆದದ್ದು ಟಿಶ್ಯೂ ಪೇಪರ್. ಎರಡು ಪದರ ಬಿಡಿಸಿ ಒಂದೇ ಪದರ ತೆಗೆದುಕೊಂಡು, ಒಂದೂವರೆ ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ, ಹಣೆಯ ಒಂದು ಕಡೆಯಿಂದ ಓರೆಯಾಗಿ ಸುತ್ತುತ್ತಾ ಬರುವುದು. ಒಂದು ಸುತ್ತು ಎಡಕ್ಕೆ ಇಳಿಜಾರು, ಮುಂದಿನದು ಬಲಕ್ಕೆ. ಹಣೆಯ ಮಧ್ಯೆ ತ್ರಿಕೋನ ತಾನಾಗೇ ಬರುತ್ತದೆ. ನಿಜವಾದ ಪೇಟ ಐದು ಮೀಟರ್ ಅಂತ ಹಿಡಿದರೆ 1/72ರಲ್ಲಿ ಸುಮಾರು ಏಳು ಸೆಂ.ಮೀ. ಆಗುತ್ತದೆ. ಕುತೂಹಲಕ್ಕೆ ಪೂರ್ತಿ ಏಳು ಸೆಂ.ಮೀ. ಸುತ್ತಿ ನೋಡಿದೆ. ತಲೆ ತೀರಾ ದಪ್ಪವಾಯಿತು, ಯಾಕೆಂದರೆ ಕಾಗದದ ದಪ್ಪ 72 ಪಟ್ಟು ಕಡಿಮೆಯಾಗಿರುವುದಿಲ್ಲ. ಅದರ ಅರ್ಧಕ್ಕೆ ನಿಲ್ಲಿಸಿದರೆ ಸರಿ. ತಲೆ ಕೇವಲ ಮೂರು ಮಿ.ಮೀ. ಚಿಲ್ಲರೆ ಎತ್ತರ. ಆದರೂ ಒಣಗಿದ ಮೇಲೆ ಒಂದೊಂದು ಮಡಿಕೆಯೂ ಕಾಣುತ್ತದೆ. ಹೆಡ್‌ಫೋನ್ ಪಟ್ಟಿಯನ್ನು ಯಾವುದರಿಂದ ಮಾಡಿದೆ ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಬಣ್ಣದಲ್ಲೇ ಎಲ್ಲ ಇರುವುದು. ಇವುಗಳಲ್ಲಿ ಕೆತ್ತನೆ ಮಸುಕು, ಹಾಗಾಗಿ ನೆರಳು-ಬೆಳಕನ್ನು ನಾವೇ ಬರೆಯಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವ ಕಾರಿನ ಬೂದು ಪ್ರೈಮರ್ ತೆಳ್ಳಗೆ ಹೊಡೆದು, ಮೇಲಿನಿಂದ ಓರೆಯಾಗಿ ಬಿಳಿ ಹೊಡೆಯಿರಿ. ನೆರಳು ಎಲ್ಲಿ ಬೀಳಬೇಕು ಅಂತ ಅದೇ ತೋರಿಸುತ್ತದೆ. ಬ್ರಶ್ ವಿಷಯದಲ್ಲಿ ಸೊನ್ನೆಗಳ ಹಿಂದೆ ಹೋಗಬೇಡಿ. ಮೂರು ಸೊನ್ನೆಯ ತೀರಾ ಸಣ್ಣ ಬ್ರಶ್ಶಿನಲ್ಲಿ ಬಣ್ಣ ತುದಿಯಲ್ಲೇ ಒಣಗುತ್ತದೆ, ಅದರಲ್ಲೂ ಮಾರ್ಚ್ ತಿಂಗಳ ಬೆಂಗಳೂರಿನ ಒಣ ಗಾಳಿಯಲ್ಲಿ, ಫ್ಯಾನ್ ಹಾಕಿದ್ದರಂತೂ ಕೇಳುವುದೇ ಬೇಡ. ಒಳ್ಳೇ ಮೊನೆ ಇರುವ 1ನೇ ನಂಬರ್ ಸಾಕು. ಒಂದಕ್ಕೆ 800 ಕೊಟ್ಟೆ, ಕೊಟ್ಟಿದ್ದಕ್ಕೆ ಬೇಜಾರಿಲ್ಲ.

ಮೈಬಣ್ಣಕ್ಕೆ ಬಾಟಲಿಯ 'ಫ್ಲೆಶ್' ಯಾವ ಕಂಪನಿಯದಾದರೂ ನಮಗಲ್ಲ. ಅದಕ್ಕೆ ಕಂದು ಬೆರೆಸಿದರೆ ಇಟ್ಟಿಗೆ ಬಣ್ಣ ಬರುತ್ತದೆ. ನಾನು ಕಂದು ಅಕ್ರಿಲಿಕ್ ಹಚ್ಚಿ ಒಣಗಿಸಿ, ಅದರ ಮೇಲೆ ಚಿತ್ರಕಾರರ ಆಯಿಲ್ ಬಣ್ಣ ಹಚ್ಚುತ್ತೇನೆ. ಬರ್ಂಟ್ ಸಿಯೆನ್ನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ನೆರಳಿಗೆ ಸೂಜಿಮೊನೆಯಷ್ಟು ಅಲ್ಟ್ರಾಮರೀನ್ ನೀಲಿ. ಬೆಳಕಿಗೆ ಬಿಳಿ ಬೇಡವೇ ಬೇಡ, ಬೂದಿ ಬಳಿದಂತೆ ಆಗುತ್ತದೆ. ಓಕರ್‌ಗೆ ಚೂರು ಕಿತ್ತಳೆ ಸೇರಿಸಿ ಮೂಗು, ಕೆನ್ನೆಯ ಮೂಳೆ, ಗದ್ದದ ಮೇಲೆ ಒಂದೊಂದು ಚುಕ್ಕೆ ಇಡಿ. ಆಮೇಲೆ ಒಣ ಬ್ರಶ್ಶಿನಿಂದ ಸವರಿ ಬೆರೆಸಿ. ಆಯಿಲ್ ಗಂಟೆಗಟ್ಟಲೆ ಹಸಿಯಾಗಿರುತ್ತದೆ, ಆತುರ ಇಲ್ಲ. ಒಂದಿಂಚಿನ ಗೊಂಬೆಗೆ ಆಯಿಲ್ ಹಚ್ಚಿದರೆ ಹೊಳೆಯುತ್ತೆ ಅಂತ ಎಲ್ಲರೂ ಹೇಳಿದ್ದರು. ಬಣ್ಣವನ್ನು ಮೊದಲೇ ರಟ್ಟಿನ ಚೂರಿನ ಮೇಲೆ ಒಂದರ್ಧ ಗಂಟೆ ಬಿಟ್ಟರೆ ಎಣ್ಣೆ ಹೀರಿಕೊಂಡು ಹೋಗುತ್ತದೆ, ಒಣಗಿದಾಗ ಮ್ಯಾಟ್. ಬೇಗ ಒಣಗಲು ಇನ್ನೊಂದು ಹಂಚಿಕೆಯೂ ಇದೆ, ಅದು ಮುಂದಿನ ಸಲ.

ಮುಖ ನಿಜಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿರಲಿ, ಕ್ಯಾನೊಪಿ ಒಳಗೆ ಹೋದ ಮೇಲೆ ತಾನೇ ಕಪ್ಪಾಗುತ್ತದೆ. ಅಂಗೈ ಇನ್ನೂ ತಿಳಿ. ಕಣ್ಣಿಗೆ ಬಿಳಿ ಇಡಬೇಡಿ, ಇಟ್ಟರೆ ಬೆಚ್ಚಿಬಿದ್ದವನ ಮುಖ. ಹುಬ್ಬಿನ ಕೆಳಗೆ ಕಂದು ನೆರಳಿನ ಗೆರೆ ಸಾಕು. ಖಾಕಿಯನ್ನು ಒಗೆದು ಒಗೆದು ಮಾಸಿದ ಹಾಗೆ ತಿಳಿಯಾಗಿ ಬೆರೆಸಿ. ಯಾಕೆಂದರೆ ಹಿಂದಿರುವ ವಿಮಾನವೇ ಡಾರ್ಕ್ ಅರ್ಥ್ (ಮಣ್ಣಿನ ಕಂದು), ಡಾರ್ಕ್ ಗ್ರೀನ್. ಗಾಢ ಖಾಕಿ ಹಾಕಿದರೆ ಮನುಷ್ಯ ಅದರಲ್ಲೇ ಕರಗಿಹೋಗುತ್ತಾನೆ. ಹಳದಿ ಲೈಫ್ ಜಾಕೆಟ್ ಒಂದು ಎದ್ದು ಕಾಣಲಿ ಅಂತ ಪೈಲಟ್‌ಗೆ ಹಾಕಿದೆ. ಜಪಾನಿನ ಗುರುತಿನ ಜತೆ ಗೊಂದಲ ಆಗದಿರಲಿ ಅಂತ ಬರ್ಮಾ ರಂಗದ ನಮ್ಮ ಕಡೆಯ ವಿಮಾನಗಳ ಗುರುತಿನ ವೃತ್ತದಿಂದ ಕೆಂಪನ್ನೇ ತೆಗೆದಿದ್ದರು, ಬರೀ ನೀಲಿ, ತಿಳಿ ನೀಲಿ. ಹಾಗಾಗಿ ಇಡೀ ದೃಶ್ಯದಲ್ಲಿ ಬಿಸಿ ಬಣ್ಣ ಅಂದರೆ ಆ ಹಳದಿ ಮತ್ತು ಮುಖಗಳು.

ಒಬ್ಬ ಪೈಲಟ್, ಐದು ಜನ ಗ್ರೌಂಡ್ ಕ್ರೂ. ಬ್ರಶ್ಶು, ಆಯಿಲ್ ಟ್ಯೂಬುಗಳನ್ನು ಬಿಟ್ಟರೆ ತಲೆಗೆ 30 ರೂಪಾಯಿ ದಾಟಿಲ್ಲ. ಪ್ರದರ್ಶನದಲ್ಲಿ ಇಟ್ಟಾಗ ಯಾವ ಕಂಪನಿಯ ರೆಸಿನ್ ಅಂತ ಕೇಳಿದವರೇ ಜಾಸ್ತಿ.

ಮುಂದೆ ವೆಂಜೆನ್ಸ್. ನಮ್ಮ ಏಳು ಮತ್ತು ಎಂಟನೇ ಸ್ಕ್ವಾಡ್ರನ್‌ಗಳು ಬರ್ಮಾದಲ್ಲಿ ಬಳಸಿದ ಡೈವ್ ಬಾಂಬರ್ ಅದು, ಇಬ್ಬರು ಕೂರುವ ವಿಮಾನ. ಅದಕ್ಕೆ ಕೂತ ಗೊಂಬೆಗಳ ಚೀಲ ಬೇರೆಯೇ ಸಿಗುತ್ತದೆ, ಬೆಂಚಿನ ಮೇಲೆ ಕೂರಿಸಲು ಮಾರುತ್ತಾರೆ. ಅಳತೆ ನೋಡಿ ತನ್ನಿ. ಅಂಗಡಿಯವನು 1:50 ಕೊಟ್ಟರೆ ಅದನ್ನೂ ಬಿಡಬೇಡಿ, 1/48ರ ಕಿಟ್ಟಿಗೆ ಆಗುತ್ತದೆ.