ಪೊರೆ ಆಪರೇಷನ್‌ಗೆ ಮುಂಚೆ: ಯಾವ ಲೆನ್ಸ್, ಯಾರ ಕಣ್ಣಿಗೆ?

ಹುಬ್ಬಳ್ಳಿಯ ಯಾವುದೇ ದೊಡ್ಡ ಕಣ್ಣಿನ ಆಸ್ಪತ್ರೆಗೆ ಹೋಗಿ, ಪೊರೆ ತೆಗೆಸಬೇಕು ಅಂತ ಆದಮೇಲೆ, ಅದರ ಜಾಗದಲ್ಲಿ ಕಣ್ಣೊಳಗೆ ಕೂರಿಸೋ ಕೃತಕ ಲೆನ್ಸ್‌ಗಳ ಒಂದು ರೇಟ್ ಪಟ್ಟಿ ಮುಂದೆ ಬರುತ್ತೆ. ಮಕ್ಕಳು ತಕ್ಷಣ "ಅಪ್ಪಾಗ ತುಟ್ಟೀದ ಹಾಕ್ರಿ" ಅಂದುಬಿಡುತ್ತಾರೆ. ಪ್ರೀತಿ ಸರಿ. ಆದರೆ ತುಟ್ಟಿ ಲೆನ್ಸಲ್ಲೇ ಚಂದ ಕಾಣುತ್ತೆ ಅಂತೇನಿಲ್ಲ.

ಮೊದಲು ಮನೆಯಲ್ಲೇ ಒಂದು ಟೇಪ್ ಹಿಡಿಯಿರಿ. ಪೇಪರ್ ಓದುವಾಗ ಕಣ್ಣಿಂದ ಹಾಳೆಗೆ ಎಷ್ಟು ಸೆಂಟಿಮೀಟರ್, ಕಂಪ್ಯೂಟರ್ ಎಷ್ಟು ದೂರ, ಬೆಟಗೇರಿಯಲ್ಲಿ ಮಗ್ಗದ ಕೆಲಸದವರಾದರೆ ಹರಿದ ಎಳೆಗೆ ಗಂಟು ಹಾಕುವಾಗ ಎಷ್ಟು ಬಗ್ಗುತ್ತೀರಿ, ಎಲ್ಲಾ ಬರೆದುಕೊಳ್ಳಿ. ರಾತ್ರಿ ಗಾಡಿ ಓಡಿಸುತ್ತೀರಾ ಅನ್ನೋದನ್ನಂತೂ ಡಾಕ್ಟರಿಗೆ ಹೇಳಲೇಬೇಕು.

ಮೋನೋಫೋಕಲ್ ಒಂದೇ ದೂರಕ್ಕೆ ಹೊಂದಿಸಿದ ಲೆನ್ಸ್. ಸಾಮಾನ್ಯವಾಗಿ ದೂರಕ್ಕೆ ಇಡುತ್ತಾರೆ, ಬಸ್ಸಿನ ಬೋರ್ಡ್ ಹಾಗೇ ಕಾಣುತ್ತೆ, ಓದೋಕೆ ಚಾಳೀಸು ಬೇಕು. ಹತ್ತಿರಕ್ಕೂ ಇಡಿಸಬಹುದು, ಮಗ್ಗದವರು ಕೇಳಿ ನೋಡಿ. ಆಗ ದೂರಕ್ಕೆ ಚಾಳೀಸು. ಬೆಳಕೆಲ್ಲಾ ಒಂದೇ ಕಡೆ ಸೇರೋದರಿಂದ ಇದರಲ್ಲಿ ಕಾಣೋದು ಸ್ವಚ್ಛ.

ಮಲ್ಟಿಫೋಕಲ್, ಟ್ರೈಫೋಕಲ್ ಹಾಗಲ್ಲ. ಹೆಚ್ಚಿನವುಗಳ ಮೈಮೇಲೆ ಸಣ್ಣ ಸಣ್ಣ ಉಂಗುರ ಇರುತ್ತವೆ, ಅವು ಬಂದ ಬೆಳಕನ್ನು ದೂರಕ್ಕಿಷ್ಟು, ಹತ್ತಿರಕ್ಕಿಷ್ಟು ಅಂತ ಹಂಚುತ್ತವೆ. ಚಾಳೀಸಿನ ಕಾಟ ಬಹುಪಾಲು ತಪ್ಪುತ್ತೆ, ನಿಜ. ಆದರೆ ಹಂಚಿದ ಬೆಳಕು ಹಂಚಿದ್ದೇ ಅಲ್ವಾ? ಮಂದ ಬೆಳಕಲ್ಲಿ ಒಂದು ಬಣ್ಣಕ್ಕೂ ಅದರ ಪಕ್ಕದ ಬಣ್ಣಕ್ಕೂ ಇರೋ ಸೂಕ್ಷ್ಮ ವ್ಯತ್ಯಾಸ ಸ್ವಲ್ಪ ಮಂಕಾಗುತ್ತೆ. ಬ್ಯಾಡಗಿಯಲ್ಲಿ ಗೋದಾಮಿನೊಳಗೆ ಮೆಣಸಿನಕಾಯಿಯ ಕೆಂಪು ನೋಡಿ ರೇಟ್ ಕಟ್ಟೋರು ಇದನ್ನು ಯೋಚಿಸಬೇಕು. ರಾತ್ರಿ ಗದಗ ರಸ್ತೆಯಲ್ಲಿ ಎದುರು ಬರೋ ಲಾರಿಯ ಲೈಟಿನ ಸುತ್ತ ಬಳೆಬಳೆಯಾಗಿ ಬೆಳಕು ಕಾಣಬಹುದು. ಬಹಳ ಜನರಿಗೆ ಕೆಲವು ತಿಂಗಳಲ್ಲಿ ಇದು ರೂಢಿಯಾಗುತ್ತೆ, ಎಲ್ಲರಿಗೂ ಅಲ್ಲ. ರಾತ್ರಿ ಡ್ಯೂಟಿ ಡ್ರೈವರಿಗೆ ನಾನಂತೂ ಮೋನೋಫೋಕಲ್ಲೇ ಅನ್ನುತ್ತೇನೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಕೆಟ್ಟಿದ್ದರೆ, ಗ್ಲಾಕೋಮಾ (ಕಣ್ಣಿನ ನರ ಕೆಡಿಸೋ ಕಾಯಿಲೆ) ಜಾಸ್ತಿಯಾಗಿದ್ದರೆ ಸಾಮಾನ್ಯವಾಗಿ ಡಾಕ್ಟರೇ ಮಲ್ಟಿಫೋಕಲ್ ಬೇಡ ಅನ್ನುತ್ತಾರೆ.

ಇಡಾಫ್ (EDOF) ಅಂತ ಇನ್ನೊಂದಿದೆ, ಇವೆರಡರ ನಡುವಿನದು. ದೂರ, ಕಂಪ್ಯೂಟರ್, ಒಲೆಯ ಮೇಲಿನ ಪಾತ್ರೆ ಚೆನ್ನಾಗಿ ಕಾಣುತ್ತವೆ. ಔಷಧ ಚೀಟಿಯ ಸಣ್ಣ ಅಕ್ಷರಕ್ಕೆ ಚಾಳೀಸು ಬೇಕಾಗಬಹುದು.

ಸಿಲಿಂಡರ್ ಅಂದರೆ ಕಣ್ಣಿನ ವಕ್ರತೆ ಎಲ್ಲಾ ದಿಕ್ಕಿಗೂ ಒಂದೇ ಸಮ ಇಲ್ಲದ ದೋಷ, ಅದನ್ನು ಸರಿಮಾಡೋ ಲೆನ್ಸೇ ಟೋರಿಕ್. ಅದು ಬೇಕಾ ಅಂತ ನಿಮ್ಮ ಹಳೇ ಚಾಳೀಸಿನ ಸಿಲಿಂಡರ್ ನಂಬರ್ ನೋಡಿ ತೀರ್ಮಾನಿಸಬೇಡಿ. ಆ ನಂಬರಲ್ಲಿ ಪೊರೆ ಬಂದ ಲೆನ್ಸಿನ ಪಾಲೂ ಇರುತ್ತೆ, ಅದು ಹೇಗೂ ತೆಗೆದುಹೋಗುತ್ತೆ. ಉಳಿಯೋದು ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ವಕ್ರತೆ. ಅದರ ಅಳತೆ ಎಷ್ಟು ಬಂತು ಅಂತ ಕೇಳಿ. ಟೋರಿಕ್ ಒಳಗೆ 10 ಡಿಗ್ರಿ ತಿರುಗಿದರೂ ಅದರ ಲಾಭದಲ್ಲಿ ಮೂರನೇ ಒಂದು ಪಾಲು ಹೋಗುತ್ತೆ, 30 ಡಿಗ್ರಿಗೆ ಪೂರ್ತಿ. ಹಾಗಾಗಿ ಆಪರೇಷನ್ ಆದಮೇಲಿನ ಚೆಕಪ್ ತಪ್ಪಿಸಬೇಡಿ.

ಮಡಚಿ ಸಣ್ಣ ಗಾಯದಿಂದ ಒಳಗೆ ಹಾಕೋಕೆ ಬಾರದ ಗಟ್ಟಿ ಲೆನ್ಸ್ ಅಂದರೆ ಕಡಿಮೆ ದರ್ಜೆ ಅಂತ ಅಂದುಕೊಳ್ಳಬೇಡಿ. ಗಾಯ ಸ್ವಲ್ಪ ದೊಡ್ಡದಾಗುತ್ತೆ, ಅದರಿಂದ ಒಂದಿಷ್ಟು ಸಿಲಿಂಡರ್ ಬರಬಹುದು, ಅಷ್ಟೇ. ವರ್ಷಗಳ ನಂತರ ಮಂಜಾದರೆ "ಪೊರೆ ಮತ್ತೆ ಬಂತು" ಅಂತ ಗಾಬರಿ ಬೇಡ. ಎಷ್ಟೋ ಸಲ ಅದು ಲೆನ್ಸಿನ ಹಿಂದಿನ ತೆಳು ಪದರ ಮಸುಕಾಗಿರೋದು, ಯಾಗ್ ಲೇಸರಿನಿಂದ ಸರಿಹೋಗುತ್ತೆ.

ಎರಡೂ ಕಣ್ಣಿಗೆ ಆಪರೇಷನ್ ಇದ್ದರೆ ಮೊದಲನೆಯದು ಮಾಡಿಸಿ ಕೆಲವು ವಾರ ನೋಡಿ. ರಾತ್ರಿ ರಸ್ತೆಗೆ ಹೋಗಿ, ಓದಿ, ನಿಮ್ಮ ಕೆಲಸ ಮಾಡಿ. ಎರಡನೆಯದಕ್ಕೆ ಬೇರೆ ಲೆನ್ಸ್ ಬೇಕಾ ಅಂತ ಆಮೇಲೆ ಕೇಳಬಹುದು. ಲೆನ್ಸ್ ಡಬ್ಬಿಯ ಸ್ಟಿಕರ್ ಮಾತ್ರ ಫೈಲಿನಲ್ಲಿ ಅಂಟಿಸಿ ಇಸಕೊಳ್ಳಿ, ಮಾಡೆಲ್ಲೂ ಪವರೂ ಅದರಲ್ಲೇ ಇರುತ್ತೆ.