ಪರದೆಯ ಬಲ ಅಂಚು

ನೀರಿಗೆ ಸದ್ದು ಬಿಟ್ಟು, ಅದರ ಮಾರ್ದನಿಯಿಂದ ಕೆಳಗಿರುವುದನ್ನು ಪರದೆಯಲ್ಲಿ ತೋರಿಸುವ ಫಿಶ್ ಫೈಂಡರ್ ಯಂತ್ರ ಕೊಂಡ ಮೊದಲ ತಿಂಗಳು ನನ್ನ ದೋಣಿಗೆ ಮೀನಿಗಿಂತ ಮೀನಿನ ಚಿತ್ರಗಳೇ ಹೆಚ್ಚು ಬಂದವು. ಮಲ್ಪೆಯಿಂದ ನಾಡದೋಣಿಯಲ್ಲಿ ಗಾಳಕ್ಕೆ ಹೋಗುವವನು ನಾನು. ಪರದೆಯ ತುಂಬ ಮುದ್ದಾದ ಮೀನುಗಳು. ಗಾಳ ಇಳಿಸಿದರೆ ಬರಿಗೈ. ಆ ಚಿತ್ರ ಯಂತ್ರದ ಊಹೆ ಅಷ್ಟೇ. ನೀರಿನ ಗುಳ್ಳೆ, ಕಸ, ಲೋಳೆಮೀನು ಎಲ್ಲಕ್ಕೂ ಅದು ಬಾಲ ಅಂಟಿಸುತ್ತದೆ. ಆ ಸೌಕರ್ಯವನ್ನು ಬಂದ್ ಮಾಡಿದ ದಿನವೇ ನನ್ನ ಕಲಿಕೆ ಶುರುವಾಯಿತು.

ಇನ್ನೊಂದು ತಪ್ಪು ಇದಕ್ಕಿಂತ ಪೆದ್ದುತನದ್ದು. ಪರದೆಯ ನಡುವೆ ಹಿಂಡು ಕಂಡರೆ ಅದು ದೋಣಿಯ ನಡುಭಾಗದ ಕೆಳಗಿದೆ ಎಂದುಕೊಂಡಿದ್ದೆ. ಪರದೆಯಲ್ಲಿ 'ಈಗ' ಎನ್ನುವುದು ಬಲ ಅಂಚಿನ ಒಂದೇ ಗೆರೆ. ಮಿಕ್ಕಿದ್ದೆಲ್ಲ ದಾಟಿ ಬಂದ ನೀರು, ಎಡಕ್ಕೆ ಸರಿಯುತ್ತಿರುತ್ತದೆ. ಸಮುದ್ರದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. 30 ಮೀಟರ್ ಆಳದ ತಳ ಮುಟ್ಟಿ ಮರಳಲು 0.04 ಸೆಕೆಂಡ್ ಸಾಕು. ಆ ಹೊತ್ತನ್ನೇ ಯಂತ್ರ ದೂರವಾಗಿ ಲೆಕ್ಕ ಹಾಕುತ್ತದೆ.

ಮೀನು ಕಮಾನಿನಂತೆ ಕಾಣುವುದೂ ದೂರದ ಲೆಕ್ಕದಿಂದಲೇ. ಸದ್ದು ಕೆಳಗಿಳಿದಂತೆ ಲಾಳಿಕೆಯ ಬಾಯಿಯಂತೆ ಅಗಲವಾಗುತ್ತದೆ. ಮೀನು ಅದರ ಅಂಚಿನಲ್ಲಿದ್ದಾಗ ದೂರ ಹೆಚ್ಚು, ನೇರ ಕೆಳಗೆ ಬಂದಾಗ ಕಡಿಮೆ, ಆಚೆ ದಾಟುವಾಗ ಮತ್ತೆ ಹೆಚ್ಚು. ಲಂಗರು ಹಾಕಿ ನಿಂತಾಗ ಮಾತ್ರ ಕಮಾನು ಹುಡುಕಬಾರದು. ಕದಲದೆ ನಿಂತ ಸಣ್ಣ ಮೀನೂ ಉದ್ದ ಗೆರೆಯಾಗುತ್ತದೆ. ಆ ಉದ್ದ ನೋಡಿ ದೊಡ್ಡ ಅಂಜಲ್ ಎಂದು ಕುಣಿದಿದ್ದೇನೆ. ಪಕ್ಕದ ಬೋಟಿನ ಯಂತ್ರ ಬೀಳಿಸಿದ ಓರೆ ಚುಕ್ಕೆಗಳನ್ನು ಬೂತಾಯಿ ಹಿಂಡೆಂದು ಬೆನ್ನಟ್ಟಿದ್ದೂ ಉಂಟು.

ನಿಜವಾಗಿ ಲಾಭ ಕೊಟ್ಟದ್ದು ತಳವನ್ನು ಓದುವುದು. ಕೆಸರು ಸದ್ದನ್ನು ನುಂಗುತ್ತದೆ, ಗೆರೆ ಮಸುಕು. ಕಲ್ಲು ಅದನ್ನು ಮೇಲಕ್ಕೆ ಒದೆಯುತ್ತದೆ: ದಪ್ಪ ಕೆಂಪು ಪಟ್ಟಿ, ಅದರ ಇಮ್ಮಡಿ ಆಳದಲ್ಲಿ ಇನ್ನೊಂದು ಸುಳ್ಳು ತಳ. 12 ಮಾರಿನಲ್ಲಿ ತಳ, 24ರಲ್ಲಿ ಅದರ ನೆರಳು ಕಂಡರೆ ಎಂಜಿನ್ ನಿಲ್ಲಿಸುತ್ತೇನೆ. ಮುರು ಮೀನಿನ ಮನೆ ಅಂಥ ಕಲ್ಲಿನ ಸಂದಿ. ತಳಕ್ಕೆ ಒತ್ತಿ ಕುಳಿತ ಮೀನು ಆ ಕೆಂಪಿನಲ್ಲೇ ಕರಗಿರುತ್ತದೆ, ಕಾಣಲಿಲ್ಲವೆಂದು ಹೊರಟುಬಿಡಬಾರದು.

ಡಿಸೆಂಬರಿನ ಒಂದು ಬೆಳಗ್ಗೆ ಹಾಗೆ ನಿಂತಿದ್ದೆ. ಸೀಸದ ಗುಂಡು ಪರದೆಯಲ್ಲಿ ಓರೆ ಗೆರೆಯಾಗಿ ಇಳಿಯಿತು. ತಳದಿಂದ ಎರಡು ಮಾರು ಮೇಲೆ ತಡೆದೆ, ಗೆರೆ ಮಟ್ಟಸವಾಯಿತು. ಕೆಂಪು ಪಟ್ಟಿಯಿಂದ ತೆಳು ಹಳದಿ ಎಳೆಯೊಂದು ಬಿಡಿಸಿಕೊಂಡು ಮೇಲೆದ್ದು, ಗುಂಡಿನ ಗೆರೆಯತ್ತ ಬಾಗಿತು. ಎರಡೂ ಬಲ ಅಂಚಿನಲ್ಲಿ ಕೂಡಿದಾಗ ದಾರ ಆಗಲೇ ನನ್ನ ಬೆರಳು ಕೊಯ್ಯುತ್ತಿತ್ತು.