ನೆದರ್‌ಲ್ಯಾಂಡ್ಸ್‌ನಲ್ಲಿ ಸೈಕಲಲ್ಲಿ ಆಫೀಸಿಗೆ ಹೋಗುವವರು ಯಾರು?

ರಜೆಗೆಂದು ಉಡುಪಿಗೆ ಬಂದಿದ್ದೇನೆ. ಪಕ್ಕದ ಮನೆಯ ಹುಡುಗಿಗೆ ನೆದರ್‌ಲ್ಯಾಂಡ್ಸ್‌ನ ಯೂಟ್ರೆಕ್ಟ್‌ನಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಹೋದ ಕೂಡಲೇ ಸೈಕಲ್ ತಗೊಳ್ಳಬೇಕು ಅಂದೆ. ಅವಳ ಅಮ್ಮನ ಮುಖ ಸಣ್ಣದಾಯಿತು. "ಇಂಜಿನಿಯರ್ ಆಗಿ ಸೈಕಲಲ್ಲಾ ಮಾರಾಯ್ರೆ?"

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮಲ್ಲಿ ಸೈಕಲಲ್ಲಿ ದುಡಿಯುವವರೆಂದರೆ ಪೇಪರ್ ಹಾಕುವವರು, ಮೀನು ಮಾರುವವರು. ಸ್ವಲ್ಪ ದುಡ್ಡಾದರೆ ಸ್ಕೂಟರ್. ಮತ್ತೆ ಮಣಿಪಾಲದ ಏರು ಬೇರೆ!

ಅಲ್ಲಿ ಸೈಕಲ್ ಹತ್ತುವುದಕ್ಕೂ ಸಂಬಳಕ್ಕೂ ಸಂಬಂಧವಿಲ್ಲ. ದೂರ ಎಷ್ಟು ಅನ್ನುವುದೇ ಲೆಕ್ಕ. ಆಫೀಸು ಐದಾರು ಕಿಲೋಮೀಟರ್ ಒಳಗಿದ್ದರೆ ಡಾಕ್ಟರೂ ಸೈಕಲ್, ಕಸ ಗುಡಿಸುವವರೂ ಸೈಕಲ್. ಮಾರ್ಕ್ ರುಟ್ಟೆ ಪ್ರಧಾನಿಯಾಗಿದ್ದಾಗಲೂ ಸೈಕಲಲ್ಲಿ ಆಫೀಸಿಗೆ ಹೋಗುತ್ತಿದ್ದರು. ಬ್ರಿಟನ್, ಅಮೆರಿಕದಲ್ಲಿ ಸೈಕಲಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಗಂಡಸರೇ ಜಾಸ್ತಿ. ನೆದರ್‌ಲ್ಯಾಂಡ್ಸ್‌ನಲ್ಲಿ ಹೆಂಗಸರು ಗಂಡಸರಿಗೆ ಏನೂ ಕಡಿಮೆಯಿಲ್ಲ. ಸೈಕಲಿಗೇ ಬೇರೆ ದಾರಿ ಇರುವುದರಿಂದ ಹೆದರಿಕೆ ಇಲ್ಲ, ಅಷ್ಟೇ. ಆ ದಾರಿ ಸುಮ್ನೆ ಬಂದದ್ದಲ್ಲ. 1970ರ ದಶಕದಲ್ಲಿ ಕಾರಿಗೆ ಸಿಕ್ಕಿ ಮಕ್ಕಳು ಸಾಯುವುದನ್ನು ನೋಡಲಾಗದೆ ಜನ ಬೀದಿಗಿಳಿದು ಕೇಳಿ ಪಡೆದದ್ದು.

ಹಾಗಾಗಿ ಮನೆ ಹುಡುಕುವಾಗಲೇ ಆಫೀಸಿಗೆ ಎಷ್ಟು ದೂರ ನೋಡಿ. ಆಫೀಸು ದೂರವಾದರೆ ರೈಲು ನಿಲ್ದಾಣಕ್ಕೆ ಎಷ್ಟು ದೂರ ನೋಡಿ. ಸೈಕಲಲ್ಲಿ ನಿಲ್ದಾಣಕ್ಕೆ ಹೋಗಿ, ಅಲ್ಲೇ ನಿಲ್ಲಿಸಿ, ರೈಲು ಹಿಡಿಯುವವರು ತುಂಬಾ ಜನ. ಯೂಟ್ರೆಕ್ಟ್ ನಿಲ್ದಾಣದಲ್ಲಿ 12,500 ಸೈಕಲ್ ನಿಲ್ಲಿಸಬಹುದು, ಮೊದಲ 24 ಗಂಟೆ ಪುಕ್ಕಟೆ. ಇಳಿದ ಊರಲ್ಲಿ ಓವಿ-ಫೀಟ್ಸ್ ಅನ್ನುವ ಬಾಡಿಗೆ ಸೈಕಲ್ ಸಿಗುತ್ತದೆ. ಬೆಳಿಗ್ಗೆ ರಶ್ ಹೊತ್ತಲ್ಲಿ ನಿಮ್ಮ ಸೈಕಲನ್ನು ರೈಲಿಗೆ ಹತ್ತಿಸುವಂತಿಲ್ಲ, ಮಡಚುವ ಸೈಕಲಾದರೆ ಅಡ್ಡಿಯಿಲ್ಲ.

ಕಂಪನಿಯವರ ಹತ್ತಿರ ಪ್ರಯಾಣ ಭತ್ಯೆ ಕೇಳಿ, ಸೈಕಲಲ್ಲಿ ಹೋಗುವವರಿಗೂ ಅದನ್ನು ತೆರಿಗೆ ಇಲ್ಲದೆ ಕೊಡಬಹುದು. ರಾತ್ರಿ ಮುಂದೆ ಹಿಂದೆ ಲೈಟ್ ಬೇಕೇ ಬೇಕು. ಓಡಿಸುವಾಗ ಮೊಬೈಲ್ ಹಿಡಿದರೆ ದಂಡ. ನಮ್ಮ ಆಟಿಯ ಮಳೆ ಕಂಡವರಿಗೆ ಅಲ್ಲಿನ ಮಳೆ ದೊಡ್ಡದಲ್ಲ. ಎದುರು ಗಾಳಿಯೇ ಕಷ್ಟ, ಅದೇ ಅಲ್ಲಿನ ಮಣಿಪಾಲದ ಏರು.

ಹೊರದೇಶದಿಂದ ಬಂದ ಹೆಂಗಸರಲ್ಲಿ ಸೈಕಲ್ ಕಲಿಯದವರು ತುಂಬಾ ಜನ. ಅವರಿಗೆಂದೇ ಅಲ್ಲಿ ಕ್ಲಾಸುಗಳಿವೆ. ಪಕ್ಕದ ಮನೆಯ ಹುಡುಗಿಗೂ ಬರುವುದಿಲ್ಲವಂತೆ. ನಾಳೆ ಬೆಳಿಗ್ಗೆ ಅಜ್ಜರಕಾಡು ಮೈದಾನಕ್ಕೆ ಬಾ, ಹಿಂದಿನಿಂದ ನಾನು ಹಿಡಿದುಕೊಳ್ಳುತ್ತೇನೆ ಅಂದಿದ್ದೇನೆ. ಅಮ್ಮನೂ ಬರುತ್ತಾರಂತೆ.